ಹುಬ್ಬು ತಿದ್ದುವವಳ ಸೋಮಾರಿತನ

ಬೀದಿ ತುದಿಯ ಬ್ಯೂಟಿ ಪಾರ್ಲರಿನ ಒಡತಿಯನ್ನು ಎಲ್ಲರೂ ಪಾರ್ಲರ್ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಮಾತ್ರ ಅತ್ತೆ ಇಟ್ಟ ಹೆಸರು ಬೇರೆ: ಸೋಮಾರಿ. ಆರು ವರ್ಷ ಕೇಳಿ ಕೇಳಿ, ಅದು ನಿಜವೋ ಸುಳ್ಳೋ ಅವಳಿಗೇ ತಿಳಿಯದಂತಾಗಿತ್ತು.

ಮಗಳು ಹುಟ್ಟುವ ಮೊದಲು ಅವಳು ನಿಂತಲ್ಲಿ ನಿಲ್ಲುವವಳಲ್ಲ. ಹೆರಿಗೆಯ ನಂತರ ಏನಾಯಿತೋ, ಎದ್ದ ಕೂಡಲೇ ಮತ್ತೆ ಮಲಗೋಣ ಅನ್ನಿಸುತ್ತಿತ್ತು. ಸುಡುಬೇಸಿಗೆಯಲ್ಲೂ ಸ್ವೆಟರ್. ಮಗುವಿಗೆ ಒಂದು ತೊಟ್ಟು ಹಾಲು ಬರಲಿಲ್ಲ. ಮುಟ್ಟೂ ಮರಳಲಿಲ್ಲ, ಒಂದು ತಾಪತ್ರಯ ಕಳೆಯಿತು ಎಂದುಕೊಂಡಳು. ಕೈಕಾಲಿನ ಕೂದಲು ತಾನಾಗಿ ಉದುರಿ ನುಣ್ಣಗಾದಾಗಲಂತೂ ಗಿರಾಕಿಗಳು ಗುಟ್ಟೇನು ಹೇಳೆಂದು ದುಂಬಾಲು ಬಿದ್ದರು. ಊರವರ ಕೂದಲು ಕಿತ್ತ ಪುಣ್ಯ ಎಂದು ಇವಳು ನಕ್ಕುಬಿಡುತ್ತಿದ್ದಳು. ಹುಬ್ಬಿನ ತುದಿಗಳೂ ಖಾಲಿಯಾದಾಗ ಪೆನ್ಸಿಲಿನಲ್ಲಿ ಎಳೆದುಕೊಂಡಳು. ದಿನವಿಡೀ ಕನ್ನಡಿ ಮುಂದೆ ನಿಲ್ಲುವ ಹೆಂಗಸಿಗೆ ತನ್ನ ಮುಖವೇ ಕಾಣಲಿಲ್ಲ ನೋಡಿ.

ಒಂದು ಮಧ್ಯಾಹ್ನ ಶಾಲೆಯ ಟೀಚರೊಬ್ಬರ ಹುಬ್ಬು ತಿದ್ದುತ್ತಿದ್ದವಳು ಹಲ್ಲಲ್ಲಿ ಕಚ್ಚಿದ ದಾರದ ಸಮೇತ ಕುಸಿದುಬಿದ್ದಳು. ಒಂದೇ ಹುಬ್ಬು ತಿದ್ದಿಸಿಕೊಂಡಿದ್ದ ಟೀಚರು ಹಾಗೇ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು.

ಬಿ.ಪಿ. ಪಾತಾಳಕ್ಕಿಳಿದಿತ್ತು. ನರ್ಸ್ ಮುಖ ಒರೆಸಿದಾಗ ಹುಬ್ಬಿನ ತುದಿ ಹತ್ತಿಗೆ ಬಂತು. ಡಾಕ್ಟರಮ್ಮ ಆ ಹತ್ತಿಯನ್ನೇ ನೋಡುತ್ತ ಕೇಳಿದರು: “ಹೆರಿಗೆ ಟೈಮಲ್ಲಿ ರಕ್ತ ತುಂಬಾ ಹೋಗಿತ್ತೇನಮ್ಮಾ?”

“ಏಳು ಬಾಟ್ಲಿ ಕೊಟ್ರಂತೆ. ಆರು ವರ್ಷದ ಹಿಂದಿನ ಮಾತು ಡಾಕ್ಟ್ರೇ, ಈಗ್ಯಾಕೆ?”

ಪರೀಕ್ಷೆ, ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇರುತ್ತದಂತೆ. ಹಾಲು, ಮುಟ್ಟು, ಕೂದಲು, ಮೈಬಿಸಿ, ಶಕ್ತಿ ಎಲ್ಲಕ್ಕೂ ಅದರದೇ ಅಪ್ಪಣೆ. ಅಂದು ರಕ್ತ ಸಾಲದೆ ಅದು ಒಣಗಿಹೋಗಿದೆ; ಇನ್ನು ಜೀವನಪೂರ್ತಿ ಮಾತ್ರೆ.

“ಅಂದ್ರೆ ಇವಳು ಸೋಮಾರಿ ಅಲ್ವಾ?” ಸುದ್ದಿ ತಿಳಿದು ಆಸ್ಪತ್ರೆಗೆ ಬಂದಿದ್ದ ಅತ್ತೆ ಕೇಳಿದರು.

ಅಲ್ಲ ಎಂದರು ಡಾಕ್ಟರಮ್ಮ. ಅವಳಿಗೇ ನಂಬಿಕೆ ಬರಲಿಲ್ಲ. ರಕ್ತ ಹೋದದ್ದೆಲ್ಲಿ, ಕೆಟ್ಟದ್ದೆಲ್ಲಿ! ಊರಿಗೆಲ್ಲ ತಲೆ ಬಾಚುವವಳ ಮಗಳು ಕೆದರಿದ ತಲೆಯಲ್ಲೇ ಶಾಲೆಗೆ ಹೋದ ದಿನಗಳೆಷ್ಟೋ. ಅದೆಲ್ಲ ಆ ಕಾಳಿನ ತಪ್ಪೇ? ತನ್ನದು ಸ್ವಲ್ಪವೂ ಇಲ್ಲವೇ? ಯೋಚಿಸಿದಷ್ಟೂ ತಲೆ ಗೋಜಲಾಯಿತು. ಅತ್ತೆ ಬೈಯುವುದನ್ನು ನಿಲ್ಲಿಸಿದ ಮೇಲಂತೂ ಇನ್ನಷ್ಟು ಕಕ್ಕಾಬಿಕ್ಕಿಯಾದಳು.

ಕೆಲವು ತಿಂಗಳಿಗೆ ಹುಬ್ಬಿನ ತುದಿಯಲ್ಲಿ ಸಣ್ಣ ಕೂದಲು ಮೂಡಿತು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಎಚ್ಚರವಾದಾಗ ಕೈಕಾಲು ಹಗುರ. ಏಳಬಹುದಿತ್ತು, ಯಾವ ಕಷ್ಟವೂ ಇರಲಿಲ್ಲ. ಮಗಳು ಬಾಚಣಿಗೆ ಹಿಡಿದು ಬಂದು ಅಲುಗಾಡಿಸಿದಳು.

“ಹತ್ತು ನಿಮಿಷ ಇರು ಕಂದಾ.”

ಸುಮ್ಮನೆ ಮಗ್ಗುಲು ಬದಲಿಸಿದಳು. ಎಂಥ ಸುಖ! ಸೋಮಾರಿತನ ಅಂದರೆ ಇದು. ಆರು ವರ್ಷದಲ್ಲಿ ಒಂದು ದಿನವೂ ಅವಳು ಇದನ್ನು ಕಂಡಿರಲಿಲ್ಲ. ಹೊದಿಕೆಯನ್ನು ಮುಖದ ಮೇಲೆಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು ಕುಳಿತು ಮಗಳ ಜಡೆ ಹೆಣೆದಳು.