ಅಣ್ಣನ ಹೆಸರು ಹುಡುಕಿದವರು

ಅಂಗಡಿಗಳಿಗೆ ವೆಬ್‌ಸೈಟ್ ಮಾಡಿ, ಅವನ್ನು ಸರ್ಚ್ ಎಂಜಿನ್‌ಗಳಿಗೆ ಸಲ್ಲಿಸಿ, ಹುಡುಕಿದವರ ಕಣ್ಣಿಗೆ ಬೀಳುವಂತೆ ಮಾಡುವುದು ನನ್ನ ಹೊಟ್ಟೆಪಾಡು. ಕೊಟ್ಟೂರಿನ ಮನೆಯಲ್ಲಿ ಕೂತೇ ಹಡಗಲಿಯ ಮಲ್ಲಿಗೆ ವ್ಯಾಪಾರಿಗೂ ಕೂಡ್ಲಿಗಿಯ ಟೈಲ್ಸ್ ಅಂಗಡಿಗೂ ಮಾಡಿಕೊಟ್ಟಿದ್ದೇನೆ. ಸಲ್ಲಿಸಿದ ಮರುದಿನವೇ ಅವರ ಫೋನು: "ನಮ್ದು ಮ್ಯಾಲೆ ಬರವಲ್ದಲ್ರೀ ಮೇಡಂ."

"ಬಿತ್ತಿದ ದಿನಾನ ಕುಡಗೋಲು ಹಿಡ್ಕೊಂಡು ಹೊಲಕ್ಕ ಹೋಗ್ತೀರೇನ್ರಿ?" ಎಂದು ಕಾಡಿಸುತ್ತಿದ್ದೆ. ಅಣ್ಣ ಮನೆ ಬಿಟ್ಟು ಹೋದ ಮೇಲೆ ಆ ಮಾತು ನನ್ನ ಬಾಯಿಂದ ಬಂದಿಲ್ಲ.

ಆದದ್ದು ಸಣ್ಣದು. ನಮ್ಮದು ಪಾತ್ರೆ ಅಂಗಡಿ. ಬಾಗಳಿಯ ಮದುವೆ ಮನೆಗೆ ಹೋಗಬೇಕಿದ್ದ ಪಾತ್ರೆಗಳನ್ನು ಅಣ್ಣ ತಪ್ಪಿ ಇಟ್ಟಿಗಿ ಊರಿಗೆ ಕಳಿಸಿಬಿಟ್ಟಿದ್ದ. ಮೂವತ್ತು ದಾಟಿದ ಮಗನಿಗೆ ಅಪ್ಪ ಗಿರಾಕಿಗಳ ಎದುರಿಗೇ, "ತಿನ್ನಾಕಷ್ಟ ಹುಟ್ಟೀಯೇನಲೇ?" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣ ಫೋನನ್ನೂ ಅಲ್ಲೇ ಬಿಟ್ಟು ಎದ್ದು ಹೋದ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಂಡೆವು ಎಂದರು ಕೆಲವರು, ಮೈಲಾರದಲ್ಲಿ ಎಂದರು ಇನ್ನು ಕೆಲವರು. ನಾನೂ ಅವ್ವನೂ ಎರಡೂ ಕಡೆ ಅಲೆದೆವು, ಪೊಲೀಸರಿಗೆ ದೂರು ಕೊಟ್ಟೆವು. ಅಪ್ಪ ಎಲ್ಲಿಗೂ ಬರಲಿಲ್ಲ. "ಹೋದಾವ ಹೋದ. ಹೊಟ್ಟಿ ಹಸದ್ರ ತಾನ ಬರ್ತಾನ" ಎಂದು ಅಂಗಡಿ ತೆಗೆದು ಕೂತರು. ಆ ದಿನಗಳಲ್ಲಿ ಅಪ್ಪನ ಮುಖ ಕಂಡರೆ ನನಗೆ ಮೈ ಉರಿಯುತ್ತಿತ್ತು.

ನೆಂಟರು ಮೊಬೈಲ್ ಸ್ಟೇಟಸ್‌ಗೆ ಹಾಕಿದ ಫೋಟೊ ಒಂದೇ ದಿನಕ್ಕೆ ಮಾಯವಾಯಿತು. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಅಣ್ಣನ ಹೆಸರಿನಲ್ಲಿ ಪುಟ ಮಾಡಿದೆ. ಫೋಟೊ, ಊರು, ಹುಬ್ಬಿನ ಮೇಲಿನ ಗಾಯದ ಗುರುತು, ನನ್ನ ಫೋನ್ ನಂಬರು. ಇದ್ದಬದ್ದ ಸರ್ಚ್ ಎಂಜಿನ್‌ಗಳಿಗೆಲ್ಲ ಸಲ್ಲಿಸಿದೆ. ಆಮೇಲೆ ನಾನೂ ನನ್ನ ಗಿರಾಕಿಗಳಂತೆಯೇ ಆದೆ. ಬೆಳಿಗ್ಗೆ ಚಹಾಕ್ಕೂ ಮೊದಲು ಹುಡುಕಿ ನೋಡುವುದು, ಪುಟ ಇರುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಲೇ "ಬಂತೇನವಾ?" ಎನ್ನುವಳು.

ಕೊನೆಗೊಂದು ದಿನ ಬಂತು. ಹೆಸರಿಗೆ ಊರು ಸೇರಿಸಿ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಅಣ್ಣನ ಪುಟ. ಎಷ್ಟು ಜನ ಹುಡುಕಿ ತೆರೆದರು ಎಂಬುದನ್ನು ಸರ್ಚ್ ಎಂಜಿನ್ ನನಗೆ ತೋರಿಸುತ್ತದೆ, ಯಾರು ಎಂಬುದನ್ನು ಹೇಳುವುದಿಲ್ಲ. ಮೊದಮೊದಲು ನೆಂಟರು, ಊರವರು ನೋಡಿದರು. ಆಮೇಲೆ ಅವರಿಗೂ ಸಾಕಾಯಿತು. ಆದರೂ ಒಬ್ಬರು ಮಾತ್ರ ದಿನಾ ಮೊಬೈಲಿನಿಂದ ತೆರೆಯುತ್ತಿದ್ದರು. ಅಣ್ಣನೇ ಇರಬೇಕು ಎಂದುಕೊಂಡೆ. ಎಲ್ಲೋ ಯಾರದೋ ಫೋನು ಇಸಿದುಕೊಂಡು, ಮನೆಯವರು ತನ್ನನ್ನು ಹುಡುಕುತ್ತಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದಾನೆ. ಅವ್ವನಿಗೂ ಹಾಗೇ ಹೇಳಿದೆ. ಅವತ್ತು ಅವಳು ಹೊಟ್ಟೆ ತುಂಬ ಉಂಡಳು.

ಒಂದು ಮಧ್ಯಾಹ್ನ ಅಪ್ಪನಿಗೆ ಬುತ್ತಿ ಕೊಡಲು ಅಂಗಡಿಗೆ ಹೋದೆ. ಗಿರಾಕಿಗಳು ಇರಲಿಲ್ಲ. ಅಪ್ಪ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಅವರಿಗೆ ಟೈಪು ಮಾಡಲು ಬಾರದು. ಫೋನನ್ನು ಬಾಯಿಯ ಹತ್ತಿರ ಹಿಡಿದು ಅಣ್ಣನ ಹೆಸರು ಹೇಳಿ, ಕೊಟ್ಟೂರು ಎಂದು ಸೇರಿಸಿದರು. ಪುಟ ತೆರೆಯಿತು. ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಾ ಕೂತರು.

ದಿನಾ ನೋಡುತ್ತಿದ್ದವರು ಇವರೇ. ಅಪ್ಪನ ಮೇಲಿನ ಸಿಟ್ಟೇನೋ ಇಳಿಯಿತು; ಅದರ ಜೊತೆಗೇ ಅಣ್ಣ ಎಲ್ಲೋ ಸುಖವಾಗಿದ್ದಾನೆ ಎಂಬ ಧೈರ್ಯವೂ ಹೋಯಿತು. ಅವ್ವನಿಗೆ ಇನ್ನು ಏನು ಹೇಳಲಿ?

ಅಪ್ಪ ತಿರುಗಿ ನನ್ನನ್ನು ಕಂಡರು. ಫೋನು ಮುಚ್ಚಿಡಲಿಲ್ಲ.

"ನಾನು ದಿನಾ ನೋಡ್ತೀನಿ ಅಂತ ಅವಗ ಗೊತ್ತಾಕ್ಕತೇನವಾ?"

"ಇಲ್ಲಪ್ಪ. ಗೊತ್ತಾಗಂಗಿಲ್ಲ."

ಬುತ್ತಿಯನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿದರು. ಆಮೇಲೆ, "ಹಂಗಾರ ಅದರಾಗ ಬರಿ," ಎಂದರು. "ಅಪ್ಪ ಇನ್ನ ಬೈಯಂಗಿಲ್ಲ ಅಂತ ಬರಿ."

ಅಲ್ಲೇ ನಿಂತು ಬರೆದು, ಪುಟವನ್ನು ಮತ್ತೆ ಸಲ್ಲಿಸಿದೆ. ಈಗಲೂ ಅದನ್ನು ದಿನಕ್ಕೆ ಒಬ್ಬರೇ ತೆರೆಯುತ್ತಾರೆ.