ಬಾಯ್ಲರಿನ ನಂಬರು

ಗಂಟೆಗೊಮ್ಮೆ ಕಬ್ಬಿಣದ ಏಣಿ ಹತ್ತಿ ಬಾಯ್ಲರಿನ ಒತ್ತಡದ ಮುಳ್ಳು ನೋಡುವುದು ನನ್ನ ಅಣ್ಣನ ಕೆಲಸ. ಶಿರಾ ರಸ್ತೆಯ ಆ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ನಾನು ಎಲೆಕ್ಟ್ರಿಷಿಯನ್. ಒಮ್ಮೆ ಹಬೆ ನುಗ್ಗಿ ಅವನ ಎಡಗೈ ಮೊಣಕೈವರೆಗೂ ಬೆಂದುಹೋಗಿತ್ತು. ಗಾಯ ಮಾಗಿದ್ದೇ ಮತ್ತೆ ಅದೇ ಏಣಿ. ಅವನು ಹತ್ತಿದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು, ಅವನು ಇಳಿಯುವವರೆಗೂ ಏಣಿಯನ್ನೇ ನೋಡುತ್ತಿದ್ದೆ.

ಎಂಬತ್ತರ ದಶಕದ ಕೊನೆಗೆ ಸಾಹುಕಾರರು ಒಂದು ಕಂಪ್ಯೂಟರನ್ನೂ ಯಂತ್ರಕ್ಕೊಂದರಂತೆ ಪುಟ್ಟ ಪೆಟ್ಟಿಗೆಗಳನ್ನೂ ಬೆಂಗಳೂರಿನಿಂದ ತರಿಸಿದರು. ಎಲ್ಲಕ್ಕೂ ಸೇರಿ ಒಂದೇ ಕೇಬಲ್ಲು. ಪ್ರತಿ ಪೆಟ್ಟಿಗೆಗೂ ವಿಳಾಸ ಅಂತ ಒಂದು ನಂಬರು. ಒಳಗಿರುವ ಅಕ್ಕಿಕಾಳಿನಷ್ಟು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಅದನ್ನು ಕೂರಿಸಬೇಕು. ಆಫೀಸಿನಲ್ಲಿ ಐದು ಒತ್ತಿದರೆ ಅಷ್ಟು ದೂರದ ನೀರಿನ ಪಂಪು ಮಾತ್ರ ತನ್ನ ಸಮಾಚಾರ ಹೇಳುತ್ತಿತ್ತು, ಉಳಿದವು ತೆಪ್ಪಗಿರುತ್ತಿದ್ದವು. ಅಬ್ಬಾ, ಕರೆದದ್ದು ತನ್ನನ್ನೇ ಅಂತ ಆ ತಗಡಿನ ಡಬ್ಬಕ್ಕೆ ಹೇಗೆ ಗೊತ್ತಾಗುತ್ತದೆ? ಕೇಬಲ್ಲು ಎಳೆದವನು ನಾನೇ, ನನಗೇ ನಂಬಿಕೆ ಬರಲೊಲ್ಲದು. ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದೆ. ಪೆಟ್ಟಿಗೆ ಕೂರಿಸಲು ಬಂದಿದ್ದ ಇಂಜಿನಿಯರ್ ಮೇಡಂ, ಪಾಪ ಪಂಪಿಗೂ ಬೇಜಾರಾಗುತ್ತೆ ಬಿಡಿ ಎಂದು ರೇಗಿಸಿದರು.

ಬಾಯ್ಲರಿಗೆ ಎಂಟು ಕೊಟ್ಟಿದ್ದೆವು. ಆಯುಧಪೂಜೆಯ ಮರುದಿನ ಸಾಹುಕಾರರ ಮುಂದೆ ಪರೀಕ್ಷೆ. ಅದು ಗೆದ್ದರೆ ಅಣ್ಣ ಏಣಿ ಹತ್ತುವುದು ತಪ್ಪುತ್ತಿತ್ತು. ಎಂಟು ಒತ್ತಿದರೆ ಉತ್ತರವೇ ಇಲ್ಲ. ಐದು ಒತ್ತಿದರೆ ಪರದೆಯ ತುಂಬ ತಲೆಬುಡವಿಲ್ಲದ ಗೀಚು. ಸಾಹುಕಾರರು ಮುಖ ಗಂಟಿಕ್ಕಿಕೊಂಡು, ಸಂಜೆಯೊಳಗೆ ಸರಿಹೋಗದಿದ್ದರೆ ಎಲ್ಲ ಕಟ್ಟಿ ವಾಪಸ್ ಕಳಿಸುತ್ತೇನೆ ಎಂದರು.

ಬಾಯ್ಲರಿನ ಪೆಟ್ಟಿಗೆಯ ಮೇಲೆ ಹಿಂದಿನ ದಿನ ಅಣ್ಣ ಪೂಜೆ ಮಾಡಿ ಹಚ್ಚಿದ್ದ ಅರಿಸಿನ ಕುಂಕುಮ ಹಾಗೇ ಇತ್ತು. ಬಿಚ್ಚಿ ನೋಡಿದರೆ ಒಳಗಿನ ಸ್ವಿಚ್ಚುಗಳು ಪಂಪಿನ ಪೆಟ್ಟಿಗೆಯಲ್ಲಿದ್ದ ಹಾಗೇ ಇವೆ. ಎರಡಕ್ಕೂ ಐದೇ ನಂಬರು. ಐದು ಅಂತ ಕರೆದರೆ ಎರಡೂ ಒಟ್ಟಿಗೆ ಬಾಯಿ ತೆಗೆದು, ಯಾವುದರ ಮಾತೂ ತಿಳಿಯದಂತಾಗಿತ್ತು. ನಾನು ಅಣ್ಣನ ಮುಖ ನೋಡಿದೆ. ಅವನು ನೆಲ ನೋಡಿದ.

"ನಂಗೆ ಅಷ್ಟಮ ಶನಿ ನಡೀತಾ ಐತೆ ಕಣ್ಲಾ. ಕೈ ಬೆಂದಿದ್ದೂ ಅದ್ರಾಗೇ. ಬಾಯ್ಲರ್‌ಗೂ ಎಂಟೇ ಇಕ್ಕಿದ್ರೆ ಹೆಂಗೆ? ಪಂಪಿಂದು ಚೆಂದಾಗಿ ನಡೀತಿತ್ತು, ಪೂಜೆ ಮಾಡೋವಾಗ ಅದ್ರ ಸ್ವಿಚ್ಚು ನೋಡ್ಕೊಂಡು ಇದಕ್ಕೂ ಹಂಗೇ ಮಾಡ್ಬುಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮೇಡಂ ನಗಲೂ ಇಲ್ಲ, ಬೈಯಲೂ ಇಲ್ಲ. ಹನ್ನೊಂದು ಆದರೆ ಪರವಾಗಿಲ್ಲವಾ ಎಂದು ಅವನನ್ನೇ ಕೇಳಿದರು. ಅವನು ತಲೆಯಾಡಿಸಿದ ಮೇಲೆ ಸ್ವಿಚ್ಚು ಕೂರಿಸಿ, ಕಂಪ್ಯೂಟರಿಗೂ ತಿಳಿಸಿ, ಹನ್ನೊಂದು ಒತ್ತಿದರು.

ಪರದೆಯಲ್ಲಿ ಬಾಯ್ಲರಿನ ಒತ್ತಡ ನೂರ ಹತ್ತು ಎಂದು ಮೂಡಿತು. ಅಣ್ಣ ನಂಬಿದರೆ ತಾನೆ! ಓಡಿಹೋಗಿ ಏಣಿ ಹತ್ತಿ, ಮುಳ್ಳು ನೋಡಿ, ಅಲ್ಲಿಂದಲೇ ನೂರ ಹತ್ತು ಎಂದು ಕೂಗಿದ. ಆಫೀಸಿನ ಕಿಟಕಿಯಲ್ಲಿ ನಿಂತಿದ್ದ ನನಗೆ ಮೈ ಜುಮ್ಮೆಂದಿತು. ಸಾಹುಕಾರರೂ ಕನ್ನಡಕ ತೆಗೆದು ಪರದೆಯನ್ನೇ ನೋಡುತ್ತಿದ್ದರು.

ಅಣ್ಣ ನಿಧಾನವಾಗಿ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತ. ನಾನು ಹತ್ತಿರ ಹೋದೆ.

"ಇನ್ಮ್ಯಾಕೆ ಹತ್ತಾಕಿಲ್ಲ ಕಣ್ಲಾ," ಎಂದ. "ನಿಮ್ಮತ್ತಿಗೆಗೆ ನೀನೇ ಹೇಳ್ಬುಡು. ನಾನ್ ಹೇಳಾಕೋದ್ರೆ ಅಳು ಬಂದ್ಬುಡ್ತದೆ."