ಇಲ್ಲದ ಲಿವರ್ ತಳ್ಳುತ್ತಿದ್ದ ಎಡಗೈ

ನಮ್ಮ ಟೈಪಿಂಗ್ ಮಿಸ್ಸಿನ ಎಡಗೈ ಅವರ ಮಾತು ಕೇಳುತ್ತಿರಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಒಂದು ಸಾಲು ಹೊಡೆದು ಮುಗಿಸುತ್ತಿದ್ದಂತೆ ಅದು ತಾನಾಗಿ ಮೇಲೆದ್ದು, ಮಾನಿಟರಿನ ಪಕ್ಕದ ಬರಿಗಾಳಿಯಲ್ಲಿ ಏನನ್ನೋ ಬಲಕ್ಕೆ ತಳ್ಳಿ, ಮತ್ತೆ ಕೀಲಿಗಳ ಮೇಲೆ ಬಂದು ಕೂರುತ್ತಿತ್ತು. ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ತಳ್ಳಬೇಕಾದ ಲಿವರ್ ಇರುತ್ತದಲ್ಲ, ಅದನ್ನು ಇಪ್ಪತ್ತೆಂಟು ವರ್ಷ ತಳ್ಳಿದ ಕೈ ಅದು. ಆಮೇಲೆ ಮಿಸ್ಸಿಗೆ ನೆನಪಾಗಿ ಬಲಗೈ ಕಿರುಬೆರಳಿನಿಂದ ಎಂಟರ್ ಒತ್ತುತ್ತಿದ್ದರು. ಕಲಿಯಲು ಬರುತ್ತಿದ್ದ ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಮರದ ರೂಲರ್ ಇರುತ್ತಿದ್ದದ್ದೂ ಅದೇ ಕೈಯಲ್ಲಿ.

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಅವರ ಇನ್‌ಸ್ಟಿಟ್ಯೂಟ್ ಇತ್ತು. ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾದಾಗ ಮಿಸ್ಸು ನಾಲ್ಕು ಯಂತ್ರ ಮಾರಿ ಮೂರು ಕಂಪ್ಯೂಟರ್ ತಂದರು. ಮೈಸೂರಿನಲ್ಲಿ ಆರು ತಿಂಗಳು ವೆಬ್ ಪೇಜ್ ಮಾಡುವುದನ್ನು ಕಲಿತು ಬಂದಿದ್ದ ನನ್ನನ್ನು ಕಂಪ್ಯೂಟರ್ ಟೀಚರ್ ಮಾಡಿದರು. ಹೆಸರಿಗೆ ಟೀಚರ್ ಅಷ್ಟೆ. ಹದಿನಾರನೇ ವಯಸ್ಸಿನಲ್ಲಿ ಅದೇ ಕೋಣೆಯಲ್ಲಿ ಅವರ ಹತ್ತಿರ ಟೈಪಿಂಗ್ ಕಲಿತವಳು ನಾನು. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿದರೆ ಇಪ್ಪತ್ತಮೂರರಲ್ಲೂ ಬೆನ್ನು ನೆಟ್ಟಗಾಗುತ್ತಿತ್ತು. ಹುಟ್ಟು ಪುಕ್ಕಲಿ ನಾನು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ರೂಲರ್ ಮೇಜಿಗೆ ಬೀಳುತ್ತಿತ್ತೇ ಹೊರತು ಯಾರ ಬೆರಳಿಗೂ ಬಿದ್ದದ್ದನ್ನು ನಾನು ಕಂಡಿಲ್ಲ. ಆದರೂ ಆ ಸದ್ದಿಗೆ ಕೀಲಿಗಳ ಮೇಲಿನ ಬೆರಳುಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ಕೀಲಿಗಳನ್ನು ನೋಡಿ ಹೊಡೆಯುವವರನ್ನು ಕಂಡರೆ ಅವರಿಗಾಗದು. "ಕಣ್ಣು ಹಾಳೆ ಮೇಲಿರ್ಲಿ, ಕೈ ನೋಡ್ಬ್ಯಾಡ" ಎನ್ನುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅದಕ್ಕೆ ಇನ್ನೊಂದು ಮಾತು ಸೇರಿಸಿದರು: "ಲೈನ್ ಮುಗೀತಾ? ಎಂಟರ್." ಲಿವರ್ ಇದ್ದ ಜಾಗಕ್ಕೆ ಎಂಟರ್ ಬಂದಿದೆ ಎಂದು ಅವರ ಲೆಕ್ಕ. ಸಾಲಿನ ಕೊನೆಗೆ ಎಂಟರ್ ಒತ್ತದವರ ಪಕ್ಕದಲ್ಲಿ ರೂಲರ್ ಟಪ್ ಎನ್ನುತ್ತಿತ್ತು. ಮೂರು ತಿಂಗಳಲ್ಲಿ ಹುಡುಗಿಯರ ಕಿರುಬೆರಳು ಹೇಳದೆಯೇ ಎಂಟರಿಗೆ ಹೋಗುವಷ್ಟು ಪಳಗಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಮೈಸೂರಿನ ಒಂದು ನರ್ಸ್ ತರಬೇತಿ ಕೇಂದ್ರದವರು ಇಂಟರ್‌ನೆಟ್ಟಿನಲ್ಲೇ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದು ಹೊರಟರು. ಆ ಅರ್ಜಿಯ ಫಾರಂ ಮಾಡುವ ಕೆಲಸ ನನಗೆ ಸಿಕ್ಕಿತು. ಒಂಬತ್ತು ಚೌಕ, ಕೆಳಗೆ ಸಬ್ಮಿಟ್ ಎಂಬ ಬೂದು ಬಣ್ಣದ ಬಟನ್. ಮೊದಲ ಚೌಕದಲ್ಲಿ ಎಸ್ಸೆಸ್ಸೆಲ್ಸಿ ನಂಬರ್ ಹಾಕಬೇಕು. ಒಂದು ನಂಬರಿನಿಂದ ಒಂದೇ ಅರ್ಜಿ, ಎರಡನೆಯದು ಬಂದರೆ ಸ್ವೀಕರಿಸುವುದಿಲ್ಲ. ಈ ಬುದ್ಧಿವಂತಿಕೆ ಪೂರಾ ನನ್ನದೇ. ನಮ್ಮ ಇನ್‌ಸ್ಟಿಟ್ಯೂಟಿನ ಹನ್ನೊಂದು ಹುಡುಗಿಯರೂ ಅರ್ಜಿ ಹಾಕುವವರಿದ್ದರು. ಕೊನೆಯ ದಿನಕ್ಕೆ ಒಂದು ದಿನ ಮೊದಲು ಅಂಕಪಟ್ಟಿ ಹಿಡಿದುಕೊಂಡು ಭೇರ್ಯದಿಂದ, ಹಾರನಹಳ್ಳಿಯಿಂದ, ಅಂತರಸಂತೆಯಿಂದ ಬಂದರು. ಇಂಟರ್‌ನೆಟ್ ಇದ್ದದ್ದು ಒಳಕೋಣೆಯ ಒಂದೇ ಕಂಪ್ಯೂಟರಿಗೆ. ಒಬ್ಬೊಬ್ಬರೇ ಹೋಗಿ ತುಂಬಿಸಿ ಬನ್ನಿ ಎಂದು ಕಳಿಸಿ, ನಾನು ಹೊರಗೆ ಪಾಠ ಮಾಡುತ್ತಾ ಕೂತೆ. ಮಿಸ್ಸು ಊಟಕ್ಕೆ ಮನೆಗೆ ಹೋಗಿದ್ದರು.

ಆರು ಜನ ಹೋದರು, ಬೇಗ ಬೇಗ ಬಂದರು, ತಲೆ ತಗ್ಗಿಸಿಕೊಂಡು ಬೆಂಚಿನ ಮೇಲೆ ಕೂತರು. ಏನು ಚುರುಕು ಹುಡುಗಿಯರು ಎಂದು ಒಳಗೊಳಗೇ ಹಿಗ್ಗಿದೆ. ಏಳನೆಯವಳು ಅಂತರಸಂತೆಯ ಹುಡುಗಿ. ಅಂಕಪಟ್ಟಿಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾ, ನಾನ್ ಬಟನ್ ಮುಟ್ಟೇ ಇಲ್ಲ. ನಂಬರ್ ಆಕ್ದೆ ಅಷ್ಟೆಯ. ಫಾರಂ ತಾನೇ ಹೊಂಟೋಯ್ತು."

ಒಳಗೆ ಹೋಗಿ ನೋಡಿದರೆ ಪರದೆಯ ಮೇಲೆ, ನಿಮ್ಮ ಅರ್ಜಿ ತಲುಪಿದೆ, ಧನ್ಯವಾದ ಎಂಬ ಒಕ್ಕಣೆ. ಬಂದ ಅರ್ಜಿಗಳ ಪಟ್ಟಿ ತೆರೆದೆ. ಅವಳ ನಂಬರ್ ಇತ್ತು, ಮುಂದಿನ ಎಂಟೂ ಚೌಕ ಖಾಲಿ. ಅದರ ಮೇಲಿನ ಆರು ನಂಬರ್‌ಗಳ ಮುಂದೆಯೂ ಹಾಗೆಯೇ ಖಾಲಿ. ಅವಳ ನಂಬರನ್ನು ಮತ್ತೆ ಹಾಕಿದರೆ, ಈ ಅರ್ಜಿ ಈಗಾಗಲೇ ಬಂದಿದೆ ಎಂದು ನನ್ನದೇ ಬುದ್ಧಿವಂತಿಕೆ ನನ್ನನ್ನು ಹೊರಗೆ ತಳ್ಳಿತು. ಹೆಸರೇ ಇಲ್ಲದ ಅರ್ಜಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಏಳು ಜನರ ಸೀಟು ನನ್ನ ಕೈಯಲ್ಲಿ ಹೋಯಿತು.

ಬೆಂಚಿನ ಮೇಲಿದ್ದ ಆರೂ ಜನಕ್ಕೆ ಹೀಗೇ ಆಗಿತ್ತು. ತಾನೊಬ್ಬಳೇ ಕೆಡಿಸಿದೆ ಎಂದುಕೊಂಡು ಒಬ್ಬೊಬ್ಬಳೂ ಬಾಯಿ ಮುಚ್ಚಿ ಕೂತಿದ್ದಳು.

ಆಗ ನಾನು ಅಂತರಸಂತೆಯ ಹುಡುಗಿಗೆ ಆಡಿದ ಮಾತು ಇವತ್ತಿಗೂ ನನ್ನನ್ನು ಕುಟುಕುತ್ತದೆ. "ನೀನೇ ಎಲ್ಲೋ ಗೊತ್ತಿಲ್ದೆ ಮೌಸ್ ಒತ್ತಿರ್ತೀಯ" ಎಂದುಬಿಟ್ಟೆ. ತಪ್ಪು ನನ್ನದಾಗಿರಬಾರದು ಎಂಬ ಹೆದರಿಕೆ ಆ ಮಾತು ಆಡಿಸಿತು. ಹುಡುಗಿ ಅಂಕಪಟ್ಟಿ ಮಡಚಿದಳು. "ಮುಂದಿನ್ ವರ್ಷಕ್ಕೆ ನಂಗೆ ವಯಸ್ಸು ಮೀರೋಯ್ತದೆ ಅಕ್ಕಾ" ಎಂದಳು. ನಾಲ್ಕೂವರೆಯ ಬಸ್ಸಿಗೆ ಅವಳು ಹೊರಡಲೇಬೇಕು. ದಾರಿಯಲ್ಲಿ ಕೋಟೆ ಪಟ್ಟಣದಲ್ಲಿಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಕತ್ತಲಾದರೆ ಅವಳ ಊರಿನ ದಾರಿಗೆ ಆನೆಗಳು ಇಳಿಯುತ್ತವೆ. ನಾಳೆ ಮತ್ತೆ ಕಳಿಸಲು ಮನೆಯಲ್ಲಿ ಒಪ್ಪುವುದಿಲ್ಲ.

ಬಾಗಿಲು ಹಾಕಿಕೊಂಡು ಸುಳ್ಳು ನಂಬರ್ ಹಾಕಿ ಹತ್ತು ಸಲ ಪರೀಕ್ಷಿಸಿದೆ. ಮೌಸ್ ಹಿಡಿದು ಚೌಕದಿಂದ ಚೌಕಕ್ಕೆ ಹೋದೆ. ಬಟನ್ ಒತ್ತಿದರೆ ಹೋಗುತ್ತಿತ್ತು, ಒತ್ತದಿದ್ದರೆ ಇಲ್ಲ. ಬಟನ್ ತೆಗೆದು ಹೊಸದಾಗಿ ಬರೆದೆ. ಅದೂ ಸರಿಯಾಗಿಯೇ ಇತ್ತು. ಎಲ್ಲವೂ ಸರಿಯಿದ್ದದ್ದೇ ನನ್ನನ್ನು ಇನ್ನಷ್ಟು ಹೆದರಿಸಿತು. ಯಾರೂ ಮುಟ್ಟದ ಬಟನ್ ತನ್ನನ್ನು ತಾನೇ ಒತ್ತಿಕೊಳ್ಳುತ್ತದೆಯೇ? ಎರಡು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿತು. ನಾನು ಪರದೆಗೆ ಅಡ್ಡ ನಿಂತೆ.

"ಏನೇ ಇದು, ಮುಖ ಸುಣ್ಣ ಬಳ್ದಂಗಾಗಿದೆ?"

ಎಲ್ಲ ಹೇಳಿದೆ. ರೂಲರ್ ಏಳಲಿಲ್ಲ.

"ಕೆಟ್ಟಿದ್ದು ಯಾರ್ ಕೈಲಿ? ನಿನ್ ಕೈಲೋ, ಆ ಹುಡ್ಗೀರ್ ಕೈಲೋ?"

"ಹುಡುಗೀರ್ ಕೈಲಿ ಮಿಸ್."

"ಮತ್ತೆ ನೀನ್ಯಾಕ್ ಒತ್ತಿ ಒತ್ತಿ ನೋಡ್ತಿದೀಯ? ಅವಳನ್ನ ಕೂರ್ಸು. ನೀನು ಪರದೆ ನೋಡ್ಬ್ಯಾಡ, ಅವಳ್ ಕೈ ನೋಡು."

ಜೀವಮಾನವಿಡೀ ಕೈ ನೋಡಬೇಡ ಎಂದವರು ಆಡಿದ ಮಾತಿದು. ಅಂತರಸಂತೆಯ ಹುಡುಗಿ ಕೂತಳು. ಬೆನ್ನು ನೆಟ್ಟಗೆ, ಹತ್ತೂ ಬೆರಳು ಅವುಗಳ ಜಾಗದಲ್ಲಿ. ಸುಳ್ಳು ನಂಬರ್ ಹೊಡೆದಳು. ಕೊನೆಯ ಅಂಕಿ ಬಿದ್ದದ್ದೇ ತಡ, ಕಿರುಬೆರಳು ಎಂಟರಿಗೆ ಹೋಯಿತು. ಫಾರಂ ಮಾಯ. ಮಿಸ್ಸಿನ ಕಡೆ ತಿರುಗಿದೆ. ಅವರ ಎಡಗೈ ಗಾಳಿಯಲ್ಲಿ ಅರ್ಧಕ್ಕೆ ಎದ್ದು ನಿಂತಿತ್ತು. ಆ ಕೈಯನ್ನೇ ನೋಡುತ್ತಾ ಅವರು ಮೆಲ್ಲಗೆ ಹೇಳಿದರು, "ಶಿವನೇ. ಇದು ನಾನ್ ಕಲ್ಸಿದ್ದು ಕಣೇ."

ಚೌಕದೊಳಗೆ ಎಂಟರ್ ಒತ್ತಿದರೆ ಸಬ್ಮಿಟ್ ಬಟನ್ ಒತ್ತಿದಷ್ಟೇ ಸರಿ. ಇದು ನಾನು ಓದಿ ಬರೆದುಕೊಂಡಿದ್ದ ವಿಷಯವೇ. ಮೌಸ್ ಹಿಡಿದ ನನಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ.

"ಯಾಕ್ರೇ ಒಬ್ಳೂ ಹೇಳ್ಲಿಲ್ಲ?" ಎಂದು ಮಿಸ್ಸು ಬೆಂಚಿನ ಕಡೆ ತಿರುಗಿದರು. ಒಬ್ಬಳು, "ನೀವ್ ಬಯ್ತೀರಾ ಅಂತ ಮಿಸ್" ಎಂದಳು. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಅವರ ಮುಖದಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು.

ಎಂಟರ್ ಒತ್ತಬೇಡಿ ಎಂದು ಬರೆದು ಅಂಟಿಸಲೇ ಎಂದು ಕೇಳಿದೆ. "ಕೈಗೆ ಓದಾಕ್ ಬರಲ್ಲ ಕಣೇ. ನಿನ್ ಫಾರಂಗೆ ಬುದ್ಧಿ ಹೇಳು" ಎಂದರು. ಎಂಟರ್ ಒತ್ತಿದರೆ ಮುಂದಿನ ಚೌಕಕ್ಕೆ ಹೋಗುವಂತೆ, ಖಾಲಿ ಬಿಟ್ಟರೆ ಬಟನ್ ಒಪ್ಪದಂತೆ ನಾಲ್ಕಾರು ಸಾಲು ಬರೆದೆ. ನಾನು ಹಾಕಿದ್ದ ಸುಳ್ಳು ನಂಬರುಗಳನ್ನು ಅಳಿಸಿದೆ. ಉಳಿದದ್ದು ಆ ಏಳು ಖಾಲಿ ಅರ್ಜಿಗಳು. ಅವನ್ನು ಅಳಿಸುವ ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತು. ಯಾರಿಗೂ ತಿಳಿಯದಂತೆ ಅಳಿಸಿಬಿಡೋಣ ಎಂದು ಕೀಲಿಗಳ ಮೇಲೆ ಕೈ ಇಟ್ಟೆ. ಮಿಸ್ಸು ಕೈ ಹಿಡಿದರು.

"ಮೊದ್ಲು ಫೋನ್ ಮಾಡಿ ಅವ್ರಿಗೆ ಹೇಳು. ಆಮೇಲೆ ಅಳ್ಸು."

"ಕೆಲಸ ಕಿತ್ಕೋತಾರೆ ಮಿಸ್."

"ಕಿತ್ಕೊಳ್ಲಿ. ಬಾಯ್ ಮುಚ್ಕೊಂಡ್ ಕೂತಿದ್ದು ಸಾಕು."

ಇಂಟರ್‌ನೆಟ್ಟಿಗೂ ಫೋನಿಗೂ ಒಂದೇ ಲೈನು. ಅದನ್ನು ಕಂಪ್ಯೂಟರಿನಿಂದ ಕಿತ್ತು ಫೋನಿಗೆ ಹಾಕಿ ನಂಬರ್ ಒತ್ತುವಾಗ ನನ್ನ ಬೆರಳು ಎರಡು ಸಲ ತಪ್ಪಿತು. ಕೇಂದ್ರದ ಗುಮಾಸ್ತರು ಪೂರ್ತಿ ಕೇಳುವ ಮೊದಲೇ ರೇಗಿದರು. ಮಿಸ್ಸು ರಿಸೀವರ್ ಕಸಿದುಕೊಂಡರು. "ಹುಡ್ಗೀರಿಗೆ ಎಂಟರ್ ಒತ್ತಿ ಅಂತ ಕಲ್ಸಿದ್ದು ನಾನು ಕಣ್ರೀ. ಬಯ್ಯೋದಿದ್ರೆ ನನ್ನ ಬಯ್ರಿ. ಅಳಿಸ್ಲೋ ಬ್ಯಾಡ್ವೋ ಅದ್ ಹೇಳಿ." ಅಳಿಸಿ ಎಂಬ ಉತ್ತರ ಬಂತು.

ಒಂದು ಅಂಕಿ ತಪ್ಪಿದರೆ ಇನ್ಯಾರದೋ ತುಂಬಿದ ಅರ್ಜಿ ಅಳಿದುಹೋಗುತ್ತದೆ. ಟೈಪಿಂಗ್ ಪರೀಕ್ಷೆಯ ಹಾಳೆಗಳನ್ನು ತಿದ್ದುವಾಗ ಮಿಸ್ಸಿನದೊಂದು ಪದ್ಧತಿ ಇತ್ತು. ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಓದಿಸುತ್ತಿದ್ದರು, ಮುಂದಿನಿಂದ ಓದಿದರೆ ಕಣ್ಣು ಇಲ್ಲದ್ದನ್ನು ಇದೆ ಎನ್ನುತ್ತದಂತೆ. ಹಾಗೇ ಮಾಡಿದೆವು. ಅವರು ಅಂಕಪಟ್ಟಿ ಹಿಡಿದು ಹಿಂದಿನಿಂದ ಓದಿದರು, ನಾನು ಬೆರಳಿಟ್ಟು ನೋಡಿದೆ. ಸರಿಹೊಂದಿದ ಮೇಲೆ ಒಂದೊಂದಾಗಿ ಏಳನ್ನೂ ಅಳಿಸಿದೆ. ಮೊದಲು ಕೂತವಳು ಅಂತರಸಂತೆಯ ಹುಡುಗಿ. ಒಂಬತ್ತು ಚೌಕ ತುಂಬಿಸಿ ಬಟನ್ ಒತ್ತುವಾಗ ನಾಲ್ಕೂ ಹತ್ತು. ಪಟ್ಟಿಯಲ್ಲಿ ಅವಳ ಹೆಸರು, ಅಪ್ಪನ ಹೆಸರು, ಊರು ಎಲ್ಲ ಬಂದಿತ್ತು. ಮಿಸ್ಸೇ ಅವಳನ್ನು ಬಸ್ಸಿಗೆ ಹತ್ತಿಸಿ ಬಂದರು. ಉಳಿದವರದು ಮುಗಿಯುವಾಗ ಆರು ಗಂಟೆ.

ಮರುದಿನದಿಂದ ರೂಲರ್ ಕಿಟಕಿ ಮುಚ್ಚಿಕೊಳ್ಳದಂತೆ ಆನಿಸುವ ಕೆಲಸಕ್ಕೆ ಬಿತ್ತು. ಸಂಜೆ ಬಾಗಿಲು ಹಾಕುವ ಮುಂಚೆ ಮಿಸ್ಸು ಒಬ್ಬೊಬ್ಬರನ್ನೂ ಕೇಳತೊಡಗಿದರು, "ಇವತ್ತು ಏನ್ ಕೆಡಿಸ್ದೆ?" ಮೊದಮೊದಲು ಎಲ್ಲರೂ ಪಕ್ಕದವಳ ಮುಖ ನೋಡುತ್ತಿದ್ದರು. ಹೇಳಿದವರಿಗೆ ಸೆರಗಿನ ಗಂಟಿನಿಂದ ಒಂದು ಕಡ್ಲೆಮಿಠಾಯಿ. ನನ್ನ ಪಾಲಿಗೆ ಬಂದಷ್ಟು ಮಿಠಾಯಿ ಯಾರಿಗೂ ಬಂದಿರಲಿಕ್ಕಿಲ್ಲ. ಇವತ್ತಿಗೂ ಇದೇ ಊರಿನಲ್ಲಿ ಫಾರಂ, ಬಟನ್ ಮಾಡಿಕೊಂಡೇ ಬದುಕುತ್ತಿದ್ದೇನೆ. ಹೊಸದೊಂದು ಮುಗಿದರೆ ಅದರ ಬಗ್ಗೆ ಏನೂ ಗೊತ್ತಿಲ್ಲದ ಯಾರನ್ನಾದರೂ ಕೂರಿಸಿ ಅವರ ಕೈ ನೋಡುತ್ತೇನೆ. ಹೆದರಿಕೆ ಹೋಗಿಲ್ಲ.

ಹಲವು ವರ್ಷಗಳ ಮೇಲೆ ಮಿಸ್ಸಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಹುಣಸೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಐದನೇ ದಿನ ಬೆಳಿಗ್ಗೆ ನನಗೆ ಫೋನ್ ಮಾಡಿದವಳು ಅಲ್ಲಿನ ನರ್ಸ್, ಅದೇ ಅಂತರಸಂತೆಯ ಹುಡುಗಿ.

"ಅಕ್ಕಾ, ಮಿಸ್ ಓಗ್ಬುಟ್ರು" ಎಂದಳು. "ನಿನ್ನೆಯಿಂದ ಎಡಗೈ ಎತ್ತಿ ಎತ್ತಿ ತಳ್ತಿದ್ರು. ಡ್ರಿಪ್ ಕಿತ್ಕೋತಾರೆ, ಮಂಚಕ್ಕೆ ಕೈ ಕಟ್ಟು ಅಂದ್ರು ದೊಡ್ ಡಾಕ್ಟ್ರು. ಅವ್ರ್ ಮುಂದೆ ನಾವ್ ಯಾರೂ ಬಾಯ್ ಬುಡಲ್ಲ ಅಕ್ಕಾ. ಇವ್ರು ಏನೂ ಕೀಳ್ತಿಲ್ಲ ಸಾರ್, ಲೈನ್ ಮುಗ್ಸಿ ಲಿವರ್ ತಳ್ತಾವ್ರೆ, ಕಟ್ಬ್ಯಾಡಿ ಅಂದೆ. ಬಯ್ತಾರೆ ಅಂತ ಗೊತ್ತಿತ್ತು. ಆದ್ರೂ ಹೇಳ್ದೆ."

"ಕಟ್ಟಿದ್ರಾ?" ಎಂದು ಕೇಳಿದೆ.

"ಇಲ್ಲ ಅಕ್ಕಾ" ಎಂದಳು. "ಕೊನೇವರ್ಗೂ ಅಂಗೇ ಬುಟ್ಟಿದ್ರು."